ಬಿಳಿ ಕಾಗದದ ಮೇಲಿನ ಹಸಿರು

ಮನೆಯ ಮುಂದಿನ ಹುಲ್ಲಿನಲ್ಲಿ ಬೆಳಗಾಗುವಷ್ಟರಲ್ಲಿ ಹತ್ತಾರು ಬಿಳಿ ಅಣಬೆಗಳು ಎದ್ದಿದ್ದವು. ಅಣ್ಣ ಒಂದನ್ನು ಕಿತ್ತು, ದಂಟಿನ ಮೇಲಿನ ಉಂಗುರವನ್ನು ಬೆರಳಿನಿಂದ ಸವರಿ, "ಧಾರಾಳವಾಗಿ ತಿನ್ನಬಹುದು," ಎಂದ. ಅವನು ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವನು. ನಾನು ಅಲ್ಲೇ ಪ್ರಯೋಗಾಲಯದ ಸಹಾಯಕಿಯಾಗಿದ್ದೆ.

"ನೋಡೋಕೆ ಹೀಗೇ ಇರೋ ವಿಷದ್ದೂ ಇದೆಯಲ್ಲ ಅಣ್ಣ. ಸಂಜೆವರೆಗೂ ಕಾಯೋಣ. ಕಾಗದದ ಮೇಲಿಟ್ಟು ನೋಡ್ತೀನಿ."

"ನಾನು ಪಾಠ ಮಾಡ್ತಿದ್ದಾಗ ನೀನು ಗಾಜು ತೊಳೀತಿದ್ದೆ. ಈಗ ನನಗೇ ಪಾಠನಾ?"

"ಮಧ್ಯಾಹ್ನದ ಅಡುಗೆ ಆಗಿಹೋಯ್ತು ರೀ. ಅಣಬೆ ರಾತ್ರಿಗೆ ಮಾಡ್ತೀನಿ," ಎಂದರು ಅತ್ತಿಗೆ. ಅವರಿನ್ನೂ ಒಲೆಯನ್ನೇ ಹಚ್ಚಿರಲಿಲ್ಲ.

ಒಂದು ಅಣಬೆಯ ಕೊಡೆಯನ್ನು ಕತ್ತರಿಸಿ ಬಿಳಿ ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿದೆ. ತಿನ್ನುವಂಥದ್ದಾದರೆ ಕೆಳಗೆ ಬಿಳಿ ಪುಡಿ ಉದುರುತ್ತದೆ, ಈ ವಿಷದ ಜಾತಿಯಾದರೆ ಹಸಿರು. ಸಂಜೆ ನೋಡಿದರೆ ಕಾಗದದ ಮೇಲೆ ಮಂಕು ಹಸಿರಿನ ಚಕ್ರ.

ಅಣ್ಣ ಕಾಗದವನ್ನು ಮೂಗಿನವರೆಗೂ ತಂದುಕೊಂಡ. "ಎಲ್ಲಿ, ಏನೂ ಇಲ್ಲ. ಬಿಳಿ ಕಾಗದದ ಮೇಲೆ ಬಿಳಿ ಪುಡಿ. ನಾನು ಹೇಳಲಿಲ್ವಾ?"

ಕಣ್ಣಿಗೆ ಪೊರೆ ಬಂದಿದ್ದನ್ನು ಅವನು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕೈ ಅದುಮಿದರು.

ಊಟಕ್ಕೆ ಅವರು ಅಂಗಡಿಯ ಅಣಬೆ ತಂದು ಹುರಿದು ಬಡಿಸಿದರು. ಅಣ್ಣ ಎರಡು ಸಲ ಹಾಕಿಸಿಕೊಂಡ. ಎಷ್ಟೋ ದಿನಗಳ ಮೇಲೆ ಅವನು ಹಾಗೆ ನಕ್ಕಿದ್ದು. ನಾನೂ ಅವನ ಜೊತೆ ನಕ್ಕೆ.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಅವನ ದನಿ ಕೇಳಿಸಿತು. ಪಕ್ಕದ ಮನೆಯ ಟೈಲರಮ್ಮನಿಗೆ ಬುಟ್ಟಿ ತುಂಬ ಅಣಬೆ ಕೊಡುತ್ತಿದ್ದ. "ನಿನ್ನೆ ನಾನೇ ತಿಂದಿದ್ದೀನಮ್ಮ, ಕಲ್ಲುಗುಂಡಿನ ಹಾಗಿದ್ದೀನಿ ನೋಡು. ಮಕ್ಕಳಿಗೂ ಬಡಿಸು."

ನಾನು ಬರಿಗಾಲಲ್ಲೇ ಓಡಿದೆ. "ಅದು ವಿಷ ಕಣಮ್ಮ. ನಿನ್ನೆ ಅಣ್ಣ ತಿಂದಿದ್ದು ಅಂಗಡೀದು. ಪುಡಿ ಹಸಿರಿತ್ತು. ಅವನಿಗೆ ಕಾಣಲಿಲ್ಲ."

ಟೈಲರಮ್ಮ ಬುಟ್ಟಿಯನ್ನು ಮೆಲ್ಲಗೆ ಬೇಲಿಯ ಮೇಲಿಟ್ಟಳು. "ನನಗೂ ಇವತ್ತು ಅಡುಗೆ ಮಾಡೋಕೆ ಪುರುಸೊತ್ತಿಲ್ಲ ಬಿಡಿ ಮೇಷ್ಟ್ರೇ," ಎಂದಳು, ಅವನ ಮುಖ ನೋಡದೆ.

ಅಣ್ಣ ನನ್ನನ್ನು ಏನೂ ಕೇಳಲಿಲ್ಲ. ಒಳಗೆ ಹೋಗಿ ಅತ್ತಿಗೆಯನ್ನು ಕೇಳಿದ್ದು ಒಂದೇ ಮಾತು. "ನೀನೂನಾ?"

ಈಗ ಏನು ಬಡಿಸಿದರೂ ಅವನು ತಟ್ಟೆಯನ್ನು ಕಣ್ಣಿನ ಹತ್ತಿರ ತಂದುಕೊಳ್ಳುತ್ತಾನೆ.

"ಬರೀ ಆಲೂಗಡ್ಡೆ ರೀ," ಎನ್ನುತ್ತಾರೆ ಅತ್ತಿಗೆ.

ಅವನು ತಟ್ಟೆಯನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡುತ್ತಾನೆ.