ಒದ್ದೆ ಗೋಡೆಯ ಲೆಕ್ಕ

ಪರೀಕ್ಷಾಲಯದಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಕಲ್ಲುಮೇಡಂ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ, ಒಳಗೊಳಗೇ ಹಿಗ್ಗಿದ್ದಳು. ಕಾಂಕ್ರೀಟಿನ ಬಲ ಇಷ್ಟು ಎಂದು ಅವಳು ಕೊಟ್ಟ ಒಂದು ಅಂಕಿಯೂ ಇದುವರೆಗೆ ಸುಳ್ಳಾಗಿರಲಿಲ್ಲ. ಅಂಥವಳ ಕೈಕೆಳಗೆ ಕೆಲಸಕ್ಕೆ ಸೇರಿದ ಮಗಳು, ವರ್ಷ ತುಂಬುವ ಮೊದಲೇ ಅಮ್ಮನ ಅಂಕಿಗೇ ಕೈ ಹಾಕಿದಳು.

ಅದು ನೆಲದಡಿಯ ಸುರಂಗವೊಂದರ ಗೋಡೆಗೆ ಕೊಟ್ಟ ಅಂಕಿ. ಸುತ್ತಲಿಂದ ಬಿಗಿಯಾಗಿ ಅದುಮಿದಷ್ಟೂ ಕಾಂಕ್ರೀಟು ಹೆಚ್ಚು ಭಾರ ಹೊರುತ್ತದೆ. ಇದನ್ನು ಕಲ್ಲುಮೇಡಂ ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಬಂಡೆ ಎಲ್ಲ ಕಡೆಯಿಂದ ಒತ್ತುವ ಆ ಗೋಡೆಗೆ ಅದೇ ಲೆಕ್ಕ ಹಾಕಿ ಕೊಟ್ಟಿದ್ದಳು. ಇನ್ನೇನು ಗೋಡೆ ಕಟ್ಟುವ ಕೆಲಸ ಶುರುವಾಗುವುದರಲ್ಲಿತ್ತು.

"ಅಮ್ಮಾ, ನೀರಲ್ಲಿ ನೆನೆದಿದ್ದ ಕಾಂಕ್ರೀಟು ತುಂಡನ್ನ ಹಾಗೇ ಅದುಮೋ ಮೆಷಿನ್ನಿಗೆ ಹಾಕಿದೆ," ಎಂದಳು ಮಗಳು. "ಸುತ್ತಲ ಒತ್ತಡ ಎಷ್ಟು ಏರಿಸಿದ್ರೂ, ಒಂದು ಮಟ್ಟ ಆದ್ಮೇಲೆ ಬಲ ಏರ್ತಾನೇ ಇಲ್ಲ."

"ಒಣಗಿಸದೆ ಯಾಕೆ ಹಾಕಿದೆ? ಒದ್ದೆ ತುಂಡಿಗೆ ರಬ್ಬರ್ ಚೀಲ ಸರಿಯಾಗಿ ಕೂರಲ್ಲ. ಸುತ್ತಲಿಂದ ಒತ್ತೋ ಮೆಷಿನ್ನಿನ ಎಣ್ಣೆ ತುಂಡಿನೊಳಗೆ ನುಗ್ಗಿರುತ್ತೆ, ಅದಕ್ಕೇ ಬಲ ಏರಿಲ್ಲ."

ಓವನ್ನಿನಲ್ಲಿ ಒಣಗಿಸಿಯೇ ಚೀಲ ತೊಡಿಸಬೇಕೆಂಬ ಪದ್ಧತಿ ತಾಯಿಯೇ ಮಾಡಿದ್ದು. ಅದು ಯಾಕೆಂದು ಯಾರೂ ಕೇಳಿರಲಿಲ್ಲ.

"ಸುರಂಗದ ಗೋಡೇನ ಯಾವ ಓವನ್ನಲ್ಲಿ ಇಟ್ಟು ಒಣಗಿಸ್ತಾರಮ್ಮಾ? ಅಷ್ಟು ದಪ್ಪದ ಗೋಡೆ ಹೊಟ್ಟೆ ಎಷ್ಟೋ ವರ್ಷ ಒದ್ದೆಯಾಗೇ ಇರುತ್ತೆ."

ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗಾಯಿತು ಎಂದು ಗೊಣಗುತ್ತಾ ತಾಯಿ ಸೆರಗು ಸಿಕ್ಕಿಸಿ ಎದ್ದಳು. ಮಗಳ ಕೈಗೆ ಏನನ್ನೂ ಕೊಡಲಿಲ್ಲ. ತುಂಡುಗಳು ನೆನೆಯುತ್ತಿದ್ದ ನೀರಿನ ತೊಟ್ಟಿಯಿಂದ ತಾನೇ ಒಂದನ್ನು ಎತ್ತಿ, ಮೇಲ್ಮೈಯನ್ನಷ್ಟೇ ಒರೆಸಿ, ಒಂದರ ಮೇಲೊಂದು ಎರಡು ಚೀಲ ತೊಡಿಸಿ, ಚೀಲದ ಬಾಯಿಗೆ ಪಟ್ಟಿ ಬಿಗಿದಳು. ಮೆಷಿನ್ ಗುಂಯ್‌ಗುಟ್ಟಿತು. ಪರದೆಯ ಮೇಲೆ ಬಲದ ಗೆರೆ ಏರಿತು, ಏರಿತು, ಆಮೇಲೆ ಚಪ್ಪಟೆಯಾಗಿ ಮಲಗಿಬಿಟ್ಟಿತು. ಚೀಲ ಬಿಚ್ಚಿ ನೋಡಿದರೆ ಎಣ್ಣೆಯ ಪಸೆಯೂ ಇಲ್ಲ. ಇನ್ನೊಂದು ತುಂಡು ಹಾಕಿದಳು. ಅದೂ ಹಾಗೇ.

ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಒಣ ತುಂಡಿನ ಸಣ್ಣ ಸಣ್ಣ ರಂಧ್ರಗಳು ಖಾಲಿ. ಅದುಮಿದರೆ ಅವು ಮುಚ್ಚಿಕೊಂಡು ತುಂಡು ಗಟ್ಟಿಯಾಗುತ್ತದೆ. ಒದ್ದೆ ತುಂಡಿನಲ್ಲಿ ರಂಧ್ರಗಳ ತುಂಬ ನೀರು. ಹೊರಗೆ ಹೋಗಲು ದಾರಿಯಿಲ್ಲದ ನೀರು ಒಳಗಿನಿಂದಲೇ ತಿರುಗಿ ಒತ್ತುತ್ತದೆ. ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಗೋಡೆ ಕಟ್ಟಿಬಿಟ್ಟಿದ್ದರೆ ಎಂದು ಹೆದರಿಕೆಯಾಯಿತು. ಆಮೇಲೆ, ಅವಳೇ ಎಣಿಸದಂತೆ, ಎಲ್ಲಕ್ಕಿಂತ ದೊಡ್ಡದಾಗಿ ಒಂದು ಹೆಮ್ಮೆ ಉಕ್ಕಿತು. ಇಷ್ಟು ಜನರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದ್ದು ತಾನು ಹೆತ್ತವಳು.

ಮರುದಿನ ಬಂದ ಸುರಂಗದ ಮುಖ್ಯ ಎಂಜಿನಿಯರ್ ವಿಷಯ ಕೇಳಿ ಮುಖ ಹಿಂಡಿದರು. "ನಿಮ್ಮ ಅಂಕಿ ಯಾವತ್ತೂ ತಪ್ಪಿಲ್ಲ ಮೇಡಂ. ಅದೇ ಇರ್ಲಿ ಬಿಡಿ. ಈಗ ಗೋಡೆ ದಪ್ಪ ಮಾಡಿದ್ರೆ ಇಡೀ ನಕ್ಷೆ ಬದಲಾಗುತ್ತೆ."

"ಬದಲಾಗ್ಲಿ. ನನ್ನ ಅಂಕಿ ಒಣ ಕಾಂಕ್ರೀಟಿಗೆ ಸರಿ. ನಿಮ್ಮ ಗೋಡೆಗೆ ತಪ್ಪು. ವಾಪಸ್ ತಗೊಳ್ತಿದೀನಿ."

ಕೋಣೆಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಆ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ.

"ಇದನ್ನ ಕಂಡುಹಿಡಿದಿದ್ದು ಯಾರು?"

"ನನ್ನ ಮಗಳು."

ಎಂಜಿನಿಯರ್ ಸೋತವರಂತೆ ನಕ್ಕರು. "ನೂಲಿನಂತೆ ಸೀರೆ ಅನ್ನಿ."

"ಇಲ್ಲ ಸರ್. ಈ ನೂಲು ಇಷ್ಟು ಗಟ್ಟಿ ಇರ್ಲಿಲ್ಲ," ಎಂದಳು ಕಲ್ಲುಮೇಡಂ, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ. ತನ್ನ ಕುರ್ಚಿಯನ್ನು ಮಗಳ ಕಡೆಗೆ ತಳ್ಳಿದಳು. ಅದರಲ್ಲಿ ಕೂತ ಹುಡುಗಿಯ ಮುಂದೆ ಎಂಜಿನಿಯರ್ ನಕ್ಷೆ ಬಿಚ್ಚಿದರು.