ಇಪ್ಪತ್ತೈದನೇ ವರ್ಷದ ಪದಕ

ಎಕ್‌ಹಾರ್ಟ್ ಈಜಿ ಬಂದನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬುರ್ಗಿ ಆಗಷ್ಟೇ ಒರೆಸಿದ್ದ ಮೆಟ್ಟಿಲುಗಳ ಮೇಲೆಲ್ಲ ಸರೋವರದ ನೀರು ತೊಟ್ಟಿಕ್ಕಿತ್ತು. ಒದ್ದೆ ಚಡ್ಡಿಯನ್ನು ಬಾಲ್ಕನಿಯ ಜೆರೇನಿಯಂ ಹೂಗಳ ಮೇಲೆ ಹರವಿ ಬಂದು, ಮೊಟ್ಟೆ ಇನ್ನೂ ಬೆಂದಿಲ್ಲವೇ ಎಂದು ಕೇಳಿದ. ಇವನ ಮನೆ ಹಾಳಾಗ ಎಂದುಕೊಂಡು ಬುರ್ಗಿ ನಗುನಗುತ್ತಲೇ ಮೊಟ್ಟೆ ತಂದಿಟ್ಟಳು.

ಬೇಸಿಗೆಯಲ್ಲಿ ಈಜು, ದೋಣಿ, ಸೈಕಲ್ಲು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಸ್ಕೇಟಿಂಗು, ಎದುರು ಗುಡ್ಡದಲ್ಲಿ ಸ್ಕೀಯಿಂಗು. ಆಸ್ಟ್ರಿಯದ ಈ ಬೆಟ್ಟದೂರು ವರ್ಷದ ಯಾವ ಕಾಲದಲ್ಲೂ ಯಾರನ್ನೂ ತೆಪ್ಪಗೆ ಕೂರಲು ಬಿಡುವುದಿಲ್ಲ. ಎಕ್‌ಹಾರ್ಟ್ ಮತ್ತು ಅವನ ಹೆಂಡತಿ ರೋಸ್ವಿಟಾ ಜರ್ಮನಿಯ ಕಾಸೆಲ್‌ನಿಂದ ಆಗಸ್ಟಿಗೊಮ್ಮೆ, ಫೆಬ್ರವರಿಗೊಮ್ಮೆ ಬಂದು ಬುರ್ಗಿಯ ಪುಟ್ಟ ವಸತಿಗೃಹದ ಅದೇ ಕೋಣೆಯಲ್ಲಿ ಇಳಿಯುತ್ತಿದ್ದರು. ಬುರ್ಗಿ ಹುಟ್ಟಿ ಬೆಳೆದ ಬೆಟ್ಟದ ದಾರಿಗಳನ್ನು ಎಕ್‌ಹಾರ್ಟ್ ಅವಳಿಗೇ ವಿವರಿಸುತ್ತಿದ್ದ. ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟುಹಿಡಿದಿತ್ತು.

ಅವಳ ಮಂಡಿ ಸವೆದುಹೋಗಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ಈ ಹತ್ತಿ ಇಳಿಯುವ ಕೆಲಸ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಅಂದರೆ ಮನೆ ಮುಚ್ಚಬೇಕು. ಮಿಕ್ಕ ಅತಿಥಿಗಳಿಗೆಲ್ಲ ಎಂದೋ ಹೇಳಿ ಮುಗಿಸಿದ್ದಳು. ಈ ಇಬ್ಬರಿಗೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಇಪ್ಪತ್ತೈದು ವರ್ಷ ತಪ್ಪದೆ ಬಂದ ಅತಿಥಿಗೆ ಬ್ಯಾಂಡು ಬಾರಿಸಿ, ಮೇಯರ್ ಕೈಯಿಂದ ಪದಕ ತೊಡಿಸುವುದು ಇಲ್ಲಿನ ಪದ್ಧತಿ. ಪದಕ ಇನ್ನೇನು ಕೈಗೆ ಸಿಗಬೇಕು ಎನ್ನುವಾಗ ಬಾಗಿಲು ಹಾಕಿದರೆ ಊರವರು ಉಗಿಯುವುದಿಲ್ಲವೇ? ಅದಕ್ಕೇ ಆಪರೇಷನ್ನನ್ನೇ ಮುಂದೂಡುತ್ತ, ಹಲ್ಲು ಕಚ್ಚಿಕೊಂಡು ಮೆಟ್ಟಿಲು ಒರೆಸುತ್ತ ಬಂದಿದ್ದಳು. ಇವತ್ತು ಸಂಜೆ ಆ ಪದಕವೊಂದು ಸಿಕ್ಕಿಬಿಡಲಿ, ಮರುಕ್ಷಣವೇ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ್ದಳು.

ಸಂಜೆ ದಡದ ಮಂಟಪದಲ್ಲಿ ಮೇಯರ್ ಇಬ್ಬರ ಎದೆಗೂ ಬೆಳ್ಳಿ ಪದಕ ಸಿಕ್ಕಿಸಿದ. ನಲವತ್ತನೇ ವರ್ಷಕ್ಕೆ ಚಿನ್ನದ್ದಿದೆ, ಬುರ್ಗಿ ನಿಮ್ಮನ್ನು ಅಲ್ಲಿಯವರೆಗೂ ಬಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಬುರ್ಗಿಗೆ ಮೈಯೆಲ್ಲ ಉರಿದುಹೋಯಿತು. ಮೂವರೂ ಬೆಂಚಿಗೆ ಬಂದು ಕೂತದ್ದೇ ತಡ, ಹೇಳಿಯೇಬಿಟ್ಟಳು.

"ಚಿನ್ನದ್ದು ನನ್ನ ಮನೆಯಿಂದ ಸಿಗಲ್ಲ. ಇದೇ ಕೊನೆ. ನಾನು ಮನೆ ಮುಚ್ತಿದೀನಿ."

ರೋಸ್ವಿಟಾ ಅತ್ತುಬಿಡುತ್ತಾಳೆ ಎಂದುಕೊಂಡಿದ್ದಳು. ರೋಸ್ವಿಟಾ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು.

"ನಿಜವಾಗ್ಲೂ? ಮತ್ತೆ ಮಾತು ಬದಲಾಯಿಸಲ್ಲ ತಾನೇ?"

ಆಮೇಲೆ ಒಂದೊಂದಾಗಿ ಹೊರಬಿತ್ತು. ಅವರಿಗೆ ಎಷ್ಟೋ ವರ್ಷದಿಂದ ಸಮುದ್ರದ ಕಡೆ ಹೋಗುವ ಆಸೆ. ಎಕ್‌ಹಾರ್ಟ್ ಬೆಳಕು ಹರಿಯುವ ಮೊದಲೇ ಈಜಲು ಓಡುತ್ತಿದ್ದದ್ದು ಆ ಕೋಣೆಯ ಹಾಳು ಹಾಸಿಗೆಯಲ್ಲಿ ನಿದ್ದೆ ಹತ್ತದೆ.

"ಹಾಗಿದ್ರೆ ಯಾಕೆ ಬಂದು ನನ್ನ ಪ್ರಾಣ ತಿಂದ್ರಿ?" ಎಂದಳು ಬುರ್ಗಿ. ಬ್ಯಾಂಡಿನವನೊಬ್ಬ ತಿರುಗಿ ನೋಡಿದ.

"ಪ್ರತಿ ಸಲ ಗೇಟಿನ ಹತ್ರ ನಿಂತು ಅಳ್ತಿದ್ಯಲ್ಲ," ಎಂದ ಎಕ್‌ಹಾರ್ಟ್. "ನೀವಿಲ್ಲದಿದ್ರೆ ಮನೆ ಬಿಕೋ ಅನ್ನುತ್ತೆ, ಮುಂದಿನ ಸಲ ಬರ್ಲೇಬೇಕು ಅಂತಿದ್ದೆ. ಒಂಟಿ ಹೆಂಗಸು. ಹೇಗೆ ಬಿಡೋದು?"

"ಅಯ್ಯೋ ಮಾರಾಯ, ಅದನ್ನ ನಾನು ಎಲ್ರಿಗೂ ಹೇಳ್ತೀನಿ. ಬಂದೋರನ್ನ ಕಳಿಸೋವಾಗ ಇಲ್ಲಿ ಎಲ್ರೂ ಹೇಳೋದೇ ಹಾಗೆ."

ಕಾಸೆಲ್‌ನವರಿಗೆ ಅದು ಹೇಗೆ ಗೊತ್ತಾಗಬೇಕು? ಅಲ್ಲಿ ಆಡಿದ ಮಾತೆಂದರೆ ಆಡಿದ್ದೇ. ಬುರ್ಗಿಗೆ ಅವರ ಮೇಲೆ, ತನ್ನ ಹಾಳು ಕಣ್ಣೀರಿನ ಮೇಲೆ, ವೃಥಾ ಸವೆದ ಮಂಡಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಜೆರೇನಿಯಂ ಮೇಲಿನ ಚಡ್ಡಿಯ ವಿಷಯವನ್ನೂ ಎತ್ತಿ ಝಾಡಿಸಿದಳು. ನಿನ್ನ ಕಾಫಿ ಪಾತ್ರೆ ತೊಳೆದ ನೀರು ಎಂದಳು ರೋಸ್ವಿಟಾ. ಮೊದಲು ನಕ್ಕವನು ಎಕ್‌ಹಾರ್ಟ್. ಬ್ಯಾಂಡಿನವರು ಗಂಟುಮೂಟೆ ಕಟ್ಟಿ ಹೊರಟ ಮೇಲೂ ಮೂವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಕೂತಿದ್ದರು. ಇಷ್ಟು ವರ್ಷಗಳಲ್ಲಿ ಅಂಥ ಒಳ್ಳೆಯ ಸಂಜೆಯನ್ನು ಅವರು ಒಟ್ಟಿಗೆ ಕಳೆದಿರಲಿಲ್ಲ.

ಬೆಳಿಗ್ಗೆ ಕಾರಿಗೆ ಸಾಮಾನು ತುಂಬಿದರು. ಇವತ್ತು ಅಳುವ ಅಗತ್ಯವೇ ಇಲ್ಲವೆಂದು ಬುರ್ಗಿ ನಿರಾಳವಾಗಿ ಗೇಟಿನ ಬಳಿ ನಿಂತಿದ್ದಳು. ಡಿಕ್ಕಿ ಮುಚ್ಚಿದ ಸದ್ದಿಗೆ ಕಣ್ಣೀರು ಬಂದೇಬಿಟ್ಟಿತು. ಸಂಕಟ ಉಕ್ಕಿಬಂತು.

"ನೀವಿಲ್ಲದಿದ್ರೆ..." ಎಂದಳು.

ಎಕ್‌ಹಾರ್ಟ್ ಕಿಟಕಿಯಿಂದ ಕೈ ಚಾಚಿ ಅವಳ ತೋಳು ತಟ್ಟಿದ. "ಸಾಕು ಬುರ್ಗಿ, ನಮ್ಮ ಮುಂದೆ ಇನ್ನೂ ಯಾಕೆ ಈ ನಾಟಕ?"

ಗಂಡ ಹೆಂಡತಿ ಇಬ್ಬರೂ ನಗುತ್ತ ಕೈಬೀಸಿದರು. ಕಾರು ಸರೋವರದ ತಿರುವಿನಲ್ಲಿ ಮರೆಯಾಯಿತು.

"ಈ ಸಲ ನಿಜ ಕಣ್ರೋ," ಎಂದು ಬುರ್ಗಿ ಖಾಲಿ ರಸ್ತೆಗೆ ಬೈದಳು.