ಕಹಳೆಯತ್ತೆಯ ಮೌನವ್ರತ

ಹುಲಿ ಅಭಯಾರಣ್ಯದ ಸಫಾರಿಗೆ ಇನ್ನೆರಡೇ ದಿನವಿತ್ತು. ಕಾಡಿನಲ್ಲಿ ಸದ್ದು ಸಲ್ಲದು. ಮಾರುಕಟ್ಟೆಯಲ್ಲಿ ಹರಾಜು ಕೂಗುವ ಅತ್ತೆಗೋ ಮನೆಮಂದಿಯಿಟ್ಟ ಹೆಸರೇ ಕಹಳೆ.

“ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೂತ್ರೆ ಜೀಪಲ್ಲಿ ನಿಂಗೂ ಜಾಗ. ಇಲ್ದಿದ್ರೆ ಮನೇಲಿರು,” ಎಂದ ಅವಳ ಅಣ್ಣ.

ಜನ್ಮಕ್ಕೊಮ್ಮೆಯಾದರೂ ವ್ಯಾಘ್ರದರ್ಶನವಾಗಲೆಂದು ಅತ್ತೆ ತುಟಿಗೆ ಬೀಗ ಜಡಿದಳು. ಪರೀಕ್ಷೆಗೆಂದು ನಡುಮನೆಯಲ್ಲಿ ಜೀಪಿನಂತೆ ಜೋಡಿಸಿದ ಕುರ್ಚಿಗಳಲ್ಲಿ ಎಲ್ಲರೂ ಕುಳಿತರು. ಇಪ್ಪತ್ತನೆಯ ನಿಮಿಷಕ್ಕೆ ಬೆಕ್ಕೊಂದು ಅಡುಗೆಮನೆಗೆ ನುಗ್ಗಿ ಹಾಲಿನ ಪಾತ್ರೆಗೆ ಮೂತಿಯಿಟ್ಟಿತು. ಅತ್ತೆಯ ಕೂಗು ಗಂಟಲವರೆಗೆ ಬಂದು ಅಲ್ಲಿಯೇ ನಿಂತಿತು.

“ಅಯ್ಯಯ್ಯೋ, ಹಾಲು! ಓಡಿಸ್ರೋ ಅದನ್ನ!” ಎಂದು ಮನೆ ನಡುಗುವಂತೆ ಅರಚಿದವನು ಅಣ್ಣನೇ.

ಅತ್ತೆ ಉಳಿದ ಹತ್ತು ನಿಮಿಷವನ್ನೂ ಮೌನದಲ್ಲಿಯೇ ಪೂರೈಸಿ, ಬಳಿಕ ಪಿಸುಗುಟ್ಟಿದಳು: “ಅಣ್ಣಾ, ನಾವು ಬರೋ ತನಕ ಮನೆ ನೋಡ್ಕೋತೀಯಲ್ಲ?”

ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.